ಸೋರದ ಛಾವಣಿ: ತೈಲದ ಟ್ಯಾಂಕುಗಳ ಲೋಹದ ಮುಚ್ಚಳವನ್ನು ಕುರಿತು ವೈದ್ಯನ ಕೆಲವು ಮಾತುಗಳು

(ಆಮ್ಸ್ಟರ್‌ಡ್ಯಾಮಿನಲ್ಲಿ ನಮ್ಮ ಕೂಟದ ಸದಸ್ಯರ ಮುಂದೆ ನೀಡಿದ ಅತಿಥಿ ಉಪನ್ಯಾಸದ ಲಿಖಿತ ರೂಪ)



ವೈದ್ಯರನ್ನು ಉಪನ್ಯಾಸಕ್ಕೆ ಕರೆದರೆ ಅವರು ರಕ್ತದೊತ್ತಡ, ಸಕ್ಕರೆ ಕಾಯಿಲೆ, ಮೊಣಕಾಲು ನೋವು ಇವುಗಳಲ್ಲೊಂದನ್ನು ಕುರಿತು ಮಾತನಾಡುವರೆಂಬುದು ನಮ್ಮ ಕೂಟಗಳಲ್ಲಿ ನಡೆದುಬಂದ ವಾಡಿಕೆ. ಆ ವಾಡಿಕೆಯನ್ನು ಇಂದು ಕೊಂಚ ಮುರಿಯಬೇಕೆಂದಿದ್ದೇವೆ. ದ್ರವಗಳನ್ನು ತುಂಬಿಡುವ ಭಾರಿ ಟ್ಯಾಂಕುಗಳ ಲೋಹದ ಛಾವಣಿ ನಮ್ಮ ಇಂದಿನ ವಿಷಯ. ಇದು ಎಂಜಿನಿಯರರ ಕ್ಷೇತ್ರವಲ್ಲವೇ ಎಂದು ತಾವು ಕೇಳಬಹುದು. ಮುಂದಿನ ಸಾಲಿನಲ್ಲಿ ಕುಳಿತಿರುವ ಎಂಜಿನಿಯರ್ ಮಿತ್ರರ ಹುಬ್ಬು ಆಗಲೇ ಮೇಲೇರಿರುವುದು ನಮಗೆ ಕಾಣುತ್ತಿದೆ. ಆದರೆ ನಮ್ಮ ವೃತ್ತಿಜೀವನದ ಬಹುಭಾಗ ಕಾರ್ಮಿಕರ ಆರೋಗ್ಯ ತಪಾಸಣೆಯಲ್ಲಿ ಕಳೆದಿದೆ. ಒಬ್ಬ ಮನುಷ್ಯನ ರಕ್ತಕಣಗಳ ಎಣಿಕೆ ಏಕೆ ಕುಸಿಯಿತೆಂದು ಹುಡುಕುತ್ತ ಹೋದಾಗ ಉತ್ತರವು ಕೆಲವೊಮ್ಮೆ ಆಸ್ಪತ್ರೆಯ ಗೋಡೆಗಳ ಆಚೆ, ಟ್ಯಾಂಕೊಂದರ ನೆತ್ತಿಯ ಮೇಲೆ ಹರಿದುಹೋದ ಒಂದು ಪಟ್ಟಿಯಲ್ಲಿ ಸಿಗುತ್ತದೆ.

ಸ್ಕಿಪೋಲ್ ಕಡೆಯಿಂದ ಎ5 ಹೆದ್ದಾರಿಯಲ್ಲಿ ಉತ್ತರಕ್ಕೆ ಬಂದವರೆಲ್ಲರೂ ವೆಸ್ಟ್‌ಪೋರ್ಟ್ ಬಂದರಿನ ಬಿಳಿಯ ದುಂಡು ಟ್ಯಾಂಕುಗಳ ಸಾಲನ್ನು ನೋಡಿಯೇ ಇರುತ್ತಾರೆ. ಪೆಟ್ರೋಲಿನ ವಹಿವಾಟಿನಲ್ಲಿ ಆಮ್ಸ್ಟರ್‌ಡ್ಯಾಮ್ ಜಗತ್ತಿನಲ್ಲಿಯೇ ಅತಿ ದೊಡ್ಡ ಬಂದರೆಂದು ಹೆಸರು ಪಡೆದಿದೆ. ಇಲ್ಲಿ ಪೆಟ್ರೋಲು ಸುಮ್ಮನೆ ಬಂದು ಹೋಗುವುದಿಲ್ಲ. ಬೇರೆ ಬೇರೆ ಕಡೆಯಿಂದ ಬಂದ ಸರಕನ್ನು ಬೆರೆಸಿ, ಕೊಳ್ಳುವ ದೇಶದ ನಿಯಮಕ್ಕೆ ಹೊಂದಿಸಿ, ಮತ್ತೆ ಹಡಗಿಗೆ ತುಂಬುವ ಕಾರ್ಯ ಹಗಲಿರುಳು ನಡೆಯುತ್ತದೆ. ಅಂದರೆ ಟ್ಯಾಂಕುಗಳು ಮತ್ತೆ ಮತ್ತೆ ತುಂಬುತ್ತವೆ, ಮತ್ತೆ ಮತ್ತೆ ಬರಿದಾಗುತ್ತವೆ. ಈ ಏರಿಳಿತವೇ ಛಾವಣಿಯ ಸಮಸ್ಯೆಯ ಮೂಲ.

ಸೋರದ ಛಾವಣಿ ಎಂದೊಡನೆ ನಮ್ಮ ಮನಸ್ಸಿಗೆ ಬರುವುದು ಮಳೆಗಾಲದ ಹಂಚಿನ ಮನೆ. ಅಲ್ಲಿ ಮೇಲಿನ ನೀರು ಒಳಗೆ ಬಾರದಿದ್ದರೆ ಸಾಕು. ಟ್ಯಾಂಕಿನ ಛಾವಣಿಗೆ ಎರಡು ಹೊಣೆಗಳಿವೆ: ಮೇಲಿನ ಮಳೆ ಒಳಗೆ ಇಳಿಯಬಾರದು, ಒಳಗಿನ ಆವಿ ಹೊರಗೆ ಏರಬಾರದು. ಹಾಗಾದರೆ ಬಿಗಿಯಾಗಿ ಬೆಸೆದು ಮುಚ್ಚಿಬಿಡಬಾರದೇಕೆ? ಈ ಪ್ರಶ್ನೆಗೆ ವೈದ್ಯನ ಭಾಷೆಯಲ್ಲಿಯೇ ಉತ್ತರ ಹೇಳಬಹುದು.

ತೋಳಿಗೆ ಪಟ್ಟಿ ಸುತ್ತಿ ಅಳೆಯುವ ರಕ್ತದೊತ್ತಡ 120ರ ಆಸುಪಾಸಿನಲ್ಲಿದ್ದರೆ ನಾವು ಸಮಾಧಾನ ಪಡುತ್ತೇವೆ. ಅದು 120 ಮಿಲಿಮೀಟರ್ ಪಾದರಸದ ಎತ್ತರಕ್ಕೆ ಸಮನಾದ ಒತ್ತಡ. ಈಗ 40 ಮೀಟರ್ ವ್ಯಾಸದ ಒಂದು ಟ್ಯಾಂಕನ್ನು ಕಲ್ಪಿಸಿಕೊಳ್ಳೋಣ. ಟ್ಯಾಂಕುಗಳ ರಚನೆಗೆ ಲೋಕವೆಲ್ಲ ಅನುಸರಿಸುವ ಅಮೆರಿಕನ್ ಪೆಟ್ರೋಲಿಯಂ ಸಂಸ್ಥೆಯ 650ನೇ ಮಾನಕದ ಪ್ರಕಾರ ಛಾವಣಿಯ ಉಕ್ಕಿನ ತಗಡು ಕನಿಷ್ಠ 5 ಮಿಲಿಮೀಟರ್ ದಪ್ಪ ಇರಬೇಕು. ಅಂಥ ತಗಡು ಚದರ ಮೀಟರಿಗೆ ಸುಮಾರು 39 ಕಿಲೋ ತೂಗುತ್ತದೆ. ಕೆಳಗಿನಿಂದ ಅಷ್ಟೇ ಬಲ ಒತ್ತಿದರೆ ತಗಡು ತನ್ನ ಭಾರವನ್ನು ಕಳೆದುಕೊಂಡಂತಾಗಿ ಮೇಲೇಳತೊಡಗುತ್ತದೆ. ಪಾದರಸದ ಲೆಕ್ಕದಲ್ಲಿ ಆ ಒತ್ತಡ 3 ಮಿಲಿಮೀಟರಿಗೂ ಕೊಂಚ ಕಡಮೆ! ಮನುಷ್ಯನ ರಕ್ತನಾಳ ಲೀಲಾಜಾಲವಾಗಿ ತಾಳುವ ಒತ್ತಡದ ನಲವತ್ತರಲ್ಲೊಂದು ಭಾಗಕ್ಕೆ ಈ ಉಕ್ಕಿನ ಛಾವಣಿ ಅಲುಗಾಡುತ್ತದೆ.  ತಗಡಿನ ದೋಷವೇನೂ ಇಲ್ಲ.

ಇದರ ಎದುರಿಗೆ ಪೆಟ್ರೋಲಿನ ಶಕ್ತಿಯನ್ನು ನೋಡಿರಿ. ಅದರ ಆವಿಯ ಒತ್ತಡವನ್ನು ಪ್ರಯೋಗಾಲಯದಲ್ಲಿ 37.8 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅಳೆಯುತ್ತಾರೆ. ನಮಗೆ ಅದು ಸಣ್ಣ ಜ್ವರದ ಉಷ್ಣತೆ. ಯೂರೋಪಿನ ಬೇಸಿಗೆಯ ಪೆಟ್ರೋಲಿಗೆ ಆ ಉಷ್ಣತೆಯಲ್ಲಿ 60 ಕಿಲೋಪಾಸ್ಕಲ್ ಸಾಮಾನ್ಯ ಮಿತಿ. ಪಾದರಸದ ಲೆಕ್ಕದಲ್ಲಿ 450 ಮಿಲಿಮೀಟರ್. ಟ್ಯಾಂಕಿನೊಳಗಿನ ಉಷ್ಣತೆ ಅಷ್ಟಿರುವುದಿಲ್ಲ, ಆದ್ದರಿಂದ ಒತ್ತಡವೂ ಅಷ್ಟಿರುವುದಿಲ್ಲ ನಿಜ. ಆದರೂ 3ಕ್ಕೂ 450ಕ್ಕೂ ಇರುವ ಅಂತರವು ಸಮಸ್ಯೆಯ ಗಾತ್ರವನ್ನು ತಿಳಿಸುತ್ತದೆ. ಅಡುಗೆ ಅನಿಲದಂತಹ ವಸ್ತುಗಳನ್ನು ದಪ್ಪ ಉಕ್ಕಿನ ಗೋಳಗಳಲ್ಲಿ ಬಿಗಿಯಾಗಿ ತುಂಬಿಡುತ್ತಾರೆ. ಸಾವಿರಾರು ಟನ್ ಪೆಟ್ರೋಲಿಗೆ ಅದೇ ಏರ್ಪಾಡು ಮಾಡಹೊರಟರೆ ಖರ್ಚು ನಿಭಾಯಿಸಲಾಗದು.

ಹೀಗಾಗಿ ಸ್ಥಿರ ಛಾವಣಿಯ ಟ್ಯಾಂಕು ಉಸಿರಾಡಲೇಬೇಕು. ಇದು ಉಪಮೆಗಾಗಿ ನಾವು ಕಟ್ಟಿದ ಮಾತಲ್ಲ. ಎಂಜಿನಿಯರರೂ ಇದನ್ನು ಟ್ಯಾಂಕಿನ ಉಸಿರಾಟವೆಂದೇ ಕರೆಯುತ್ತಾರೆ. ಹಗಲು ಬಿಸಿಲಿಗೆ ಒಳಗಿನ ಅನಿಲ ಉಬ್ಬಿ ಕವಾಟದ ಮೂಲಕ ಹೊರಬರುತ್ತದೆ, ರಾತ್ರಿ ತಂಪಾದಾಗ ಹೊರಗಿನ ಗಾಳಿ ಒಳಸೇರುತ್ತದೆ. ದ್ರವದ ಮೇಲೆ 10,000 ಘನಮೀಟರ್ ಖಾಲಿ ಜಾಗವಿದ್ದು ಅದು 15 ಡಿಗ್ರಿಯಷ್ಟು ಕಾದರೆ ಉಬ್ಬುವಿಕೆಯಿಂದಲೇ ಸುಮಾರು 500 ಘನಮೀಟರ್ ಹೊರಹೋಗುತ್ತದೆ. ನಮ್ಮ ಒಂದು ಉಸಿರು ಅರ್ಧ ಲೀಟರ್. ಟ್ಯಾಂಕಿನ ಒಂದು ಉಸಿರು ಅದರ ಹತ್ತು ಲಕ್ಷ ಪಟ್ಟು. ತುಂಬುವಾಗಿನ ನಷ್ಟ ಇದಕ್ಕಿಂತ ದೊಡ್ಡದು. ನಮ್ಮ 40 ಮೀಟರ್ ಟ್ಯಾಂಕಿನಲ್ಲಿ ದ್ರವದ ಮಟ್ಟ 10 ಮೀಟರ್ ಏರಿದರೆ 12,500 ಘನಮೀಟರಿಗೂ ಹೆಚ್ಚು ಅನಿಲಕ್ಕೆ ಒಳಗೆ ಸ್ಥಳವಿಲ್ಲದಂತಾಗುತ್ತದೆ. ಅದರಲ್ಲಿ ಪೆಟ್ರೋಲಿನ ಪಾಲೇ ಹಲವು ಟನ್ನುಗಳು. ಇನ್ನು ಉಸಿರಾಟದ ಕವಾಟ ಮುಚ್ಚಿಹೋದರಂತೂ ಅನಾಹುತವೇ. ಬಣ್ಣ ಹಚ್ಚುವವರು ಕವಾಟಕ್ಕೆ ಕಟ್ಟಿದ ಪ್ಲಾಸ್ಟಿಕ್ ಹಾಳೆಯನ್ನು ಬಿಚ್ಚಲು ಮರೆತು, ಆಮೇಲೆ ಟ್ಯಾಂಕನ್ನು ಬರಿದು ಮಾಡಿದಾಗ ಉಕ್ಕಿನ ಗೋಡೆ ಹಿಂಡಿದ ಕಾಗದದ ಲೋಟದಂತೆ ಒಳಕುಸಿದ ಉದಾಹರಣೆಗಳು ತೈಲೋದ್ಯಮದಲ್ಲಿ ಪ್ರಸಿದ್ಧವಾಗಿವೆ.

ಹೊರಹೋಗುವ ಆವಿಯಲ್ಲಿ ಏನಿದೆ ಎಂಬುದು ನಮ್ಮ ವೃತ್ತಿಗೆ ನೇರವಾಗಿ ಸೇರಿದ ವಿಷಯ. ಪೆಟ್ರೋಲಿನಲ್ಲಿ ಬೆಂಜೀನ್ ಎಂಬ ಪದಾರ್ಥವಿದೆ. ಅದು ಉಸಿರಿನ ಮೂಲಕ ರಕ್ತವನ್ನು ಸೇರಿ, ಯಕೃತ್ತಿನಲ್ಲಿ ರೂಪಾಂತರ ಹೊಂದಿ, ಮೂಳೆಯ ಮಜ್ಜೆಯನ್ನು ತಲುಪಿ, ರಕ್ತಕಣಗಳನ್ನು ಹುಟ್ಟಿಸುವ ಮೂಲಕೋಶಗಳಿಗೇ ಪೆಟ್ಟು ಕೊಡುತ್ತದೆ. ಮೊದಲು ಬಿಳಿಯ ಕಣಗಳ ಎಣಿಕೆ ಇಳಿಯಬಹುದು. ದೀರ್ಘಕಾಲ ಮುಂದುವರಿದರೆ ಮಜ್ಜೆ ಬತ್ತಿಹೋಗಬಹುದು, ರಕ್ತದ ಕ್ಯಾನ್ಸರು ತಲೆದೋರಬಹುದು. ಇಸ್ತಾಂಬುಲ್ಲಿನ ಮುಜಾಫರ್ ಅಕ್ಸೋಯ್ ಎಂಬ ವೈದ್ಯರು 1970ರ ದಶಕದಲ್ಲಿ, ಬೆಂಜೀನ್ ಬೆರೆತ ಅಂಟನ್ನು ಬಳಸಿ ಪಾದರಕ್ಷೆ ಹೊಲಿಯುತ್ತಿದ್ದ ಬಡ ಕೆಲಸಗಾರರಲ್ಲಿ ಈ ಕ್ಯಾನ್ಸರನ್ನು ಗುರುತಿಸಿ ಬರೆದ ಪ್ರಬಂಧ ನಮ್ಮ ಶಾಸ್ತ್ರದಲ್ಲಿ ಒಂದು ಮೈಲಿಗಲ್ಲು. ಬೆಂಜೀನ್ ಮನುಷ್ಯರಲ್ಲಿ ಕ್ಯಾನ್ಸರನ್ನು ಉಂಟುಮಾಡುವುದು ಖಚಿತವೆಂದು ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಅದನ್ನು ಮೊದಲ ವರ್ಗದಲ್ಲಿ ಇರಿಸಿದೆ. ಯೂರೋಪಿನ ಕಾನೂನು ಕೆಲಸದ ಸ್ಥಳದ ಗಾಳಿಯಲ್ಲಿ ದಶಲಕ್ಷಕ್ಕೆ 1 ಭಾಗವನ್ನು ಮಿತಿಯಾಗಿ ಇಟ್ಟಿತ್ತು. 2024ರ ಏಪ್ರಿಲ್‌ನಿಂದ ಅದು ಅರ್ಧ ಭಾಗ, 2026ರ ಏಪ್ರಿಲ್‌ನಿಂದ 0.2 ಭಾಗ. ಇಷ್ಟು ಸಣ್ಣ ಪ್ರಮಾಣವನ್ನು ಮೂಗು ಗುರುತಿಸಲಾರದು. ವಾಸನೆ ತಿಳಿಯುವ ವೇಳೆಗೆ ಮಿತಿ ಎಂದೋ ದಾಟಿರುತ್ತದೆ.

ಪ್ರಾಸಂಗಿಕವಾಗಿ ಒಂದು ಮಾತು. ಯೂರೋಪಿನಲ್ಲಿ ಮಾರುವ ಪೆಟ್ರೋಲಿನಲ್ಲಿ 2000ದಿಂದ ಬೆಂಜೀನ್ ನೂರಕ್ಕೆ 1 ಭಾಗವನ್ನು ಮೀರುವಂತಿಲ್ಲ. ಇಲ್ಲಿಂದ ಪಶ್ಚಿಮ ಆಫ್ರಿಕಕ್ಕೆ ಹೋಗುತ್ತಿದ್ದ ಸರಕಿಗೆ ಈ ಕಟ್ಟಳೆ ಬಹುಕಾಲ ಇರಲಿಲ್ಲ. 2023ರಲ್ಲಿ ಡಚ್ ತಪಾಸಣಾ ಇಲಾಖೆ ರಫ್ತಿನ ಪೆಟ್ರೋಲಿಗೂ ಇದೇ ಮಿತಿಯನ್ನು ಅನ್ವಯಿಸಿತು. ಲಾಗೋಸಿನ ಮಗುವಿನ ಮಜ್ಜೆಗೂ ಆಮ್ಸ್ಟರ್‌ಡ್ಯಾಮಿನ ಮಗುವಿನ ಮಜ್ಜೆಗೂ ವ್ಯತ್ಯಾಸವಿಲ್ಲವೆಂಬುದನ್ನು ಒಪ್ಪಿಕೊಳ್ಳಲು ಇಷ್ಟು ಕಾಲ ಬೇಕಾಯಿತೇ ಎಂದು ನಮಗೆ ಅನ್ನಿಸಿದ್ದುಂಟು.

ಇನ್ನು ಪರಿಹಾರಕ್ಕೆ ಬರೋಣ. ಅದು ನಮ್ಮ ತಾಯಂದಿರ ಉಗ್ರಾಣದಲ್ಲಿಯೇ ಇದೆ. ಉಪ್ಪಿನಕಾಯಿ ಹಾಕಿದ ಮೇಲೆ ಭರಣಿಯಲ್ಲಿ ಒಂದು ಪದರ ಎಣ್ಣೆ ನಿಲ್ಲುವಂತೆ ಅವರು ನೋಡಿಕೊಳ್ಳುತ್ತಿದ್ದರು. ಆ ಬಳಿಕ ಬಾಯಿಗೆ ಬಟ್ಟೆ ಕಟ್ಟಿ ಮುಚ್ಚಳವಿಡುತ್ತಿದ್ದರು. ಉಪ್ಪಿನಕಾಯಿ ಖರ್ಚಾದಂತೆ ಎಣ್ಣೆಯ ಪದರವೂ ಕೆಳಗಿಳಿಯುತ್ತದೆ, ಹೋಳಿಗೂ ಎಣ್ಣೆಗೂ ನಡುವೆ ಗಾಳಿಗೆ ಎಡೆಯೇ ಇರುವುದಿಲ್ಲ. ತೇಲುವ ಛಾವಣಿಯ ತತ್ತ್ವ ಇದೇ. 1920ರ ದಶಕದಲ್ಲಿ ಅಮೆರಿಕದ ಎಂಜಿನಿಯರರು ಟ್ಯಾಂಕಿನ ಛಾವಣಿಯನ್ನು ಗೋಡೆಯ ಮೇಲಂಚಿನಿಂದ ಬಿಡಿಸಿ ದ್ರವದ ಮೇಲೆಯೇ ತೇಲಿಬಿಟ್ಟರು. ದ್ರವದ ಮೇಲೆ ಖಾಲಿ ಜಾಗವೇ ಇಲ್ಲದಿದ್ದರೆ ಆವಿ ತುಂಬುವುದೆಲ್ಲಿ, ಉಸಿರಾಡುವುದೇನನ್ನು?

ಉಕ್ಕು ತೇಲುವುದು ಹೇಗೆಂದು ಮಕ್ಕಳು ಕೇಳುತ್ತಾರೆ. ಹಡಗು ತೇಲುವಂತೆಯೇ. ಛಾವಣಿಯ ಅಂಚಿನ ಸುತ್ತ ಒಳಗೆ ಟೊಳ್ಳಾದ, ಮುಚ್ಚಿದ ಪೆಟ್ಟಿಗೆಗಳನ್ನು ಬಳೆಯಂತೆ ಜೋಡಿಸಿರುತ್ತಾರೆ. ಇವಕ್ಕೆ ಪೊಂಟೂನ್ ಎಂದು ಹೆಸರು. ನಡುವೆ ಒಂದೇ ಪದರದ ತಗಡು. ಅಕ್ಕಪಕ್ಕದ ಎರಡು ಪೆಟ್ಟಿಗೆಗಳು ಹಾಗೂ ನಡುವಿನ ತಗಡು ಒಟ್ಟಿಗೆ ತೂತಾಗಿ ದ್ರವ ತುಂಬಿಕೊಂಡರೂ ಛಾವಣಿ ಮುಳುಗಬಾರದು ಎಂಬುದು ಮಾನಕದ ನಿಯಮ. ಒಂದು ಮೂತ್ರಪಿಂಡ ಕೆಟ್ಟರೂ ಇನ್ನೊಂದು ದೇಹವನ್ನು ಕಾಯುವಂತೆ ಇಲ್ಲಿಯೂ ಮಿಗುತಾಯದ ಏರ್ಪಾಡು. ದೊಡ್ಡ ಟ್ಯಾಂಕುಗಳಲ್ಲಿ ಇಡೀ ಛಾವಣಿಯನ್ನೇ ಎರಡು ಪದರವಾಗಿ ಕಟ್ಟುವುದೂ ಉಂಟು. ಅದು ದುಬಾರಿ, ಆದರೆ ನಡುವಿನ ಗಾಳಿ ಬಿಸಿಲಿನ ತಾಪವನ್ನೂ ತಡೆಯುತ್ತದೆ.

ಛಾವಣಿ ಗೋಡೆಗೆ ಉಜ್ಜಿ ಸಿಕ್ಕಿಕೊಳ್ಳದೆ ಸರಾಗವಾಗಿ ಏರಿಳಿಯಬೇಕಾದರೆ ಸುತ್ತಲೂ ಸುಮಾರು 200 ಮಿಲಿಮೀಟರ್ ಸಂದು ಬಿಡಬೇಕಾಗುತ್ತದೆ. ಹತ್ತಾರು ಮೀಟರ್ ವ್ಯಾಸದ ಉಕ್ಕಿನ ಗೋಡೆ ಎಂದೂ ನಿಖರವಾದ ವೃತ್ತವಾಗಿರುವುದಿಲ್ಲ. ನೆಲ ಕುಸಿದಂತೆ, ಅದೂ ಹಾಲೆಂಡಿನಂಥ ಮೆದು ನೆಲದಲ್ಲಿ, ಅದು ಇನ್ನಷ್ಟು ವಕ್ರವಾಗುತ್ತದೆ. ನಮ್ಮ 40 ಮೀಟರ್ ಟ್ಯಾಂಕಿನ ಸುತ್ತಳತೆ ಸುಮಾರು 126 ಮೀಟರ್. ಸಂದಿನ ವಿಸ್ತಾರ 25 ಚದರ ಮೀಟರ್, ಅಂದರೆ ಇಡೀ ಮೇಲ್ಮೈಯ ನೂರಕ್ಕೆ ಎರಡು ಪಾಲು. ವಿನ್ಯಾಸಕಾರನ ಬುದ್ಧಿಯೆಲ್ಲ ಖರ್ಚಾಗುವುದು ಈ ಎರಡು ಪಾಲಿನ ಮೇಲೆ. ಅಲ್ಲಿ ಒಂದರ ಮೇಲೊಂದು ಎರಡು ಬಿಗಿಪಟ್ಟಿಗಳನ್ನು ಕೂರಿಸುತ್ತಾರೆ. ಕೆಳಗಿನದು ಅನೇಕ ಕಡೆ ಲೋಹದ ಉದ್ದನೆಯ ಹಲಗೆಗಳ ಸಾಲು. ಅವು ಗೋಡೆಗೆ ಒತ್ತಿಕೊಂಡು, ಕೆಳ ಅಂಚನ್ನು ದ್ರವದಲ್ಲಿ ಅದ್ದಿಕೊಂಡು ಜಾರುತ್ತವೆ. ಮೇಲಿನದು ಕಾರಿನ ಗಾಜು ಒರೆಸುವ ಪಟ್ಟಿಯಂತೆ ಗೋಡೆಯನ್ನು ಸವರುತ್ತ ಸಾಗುವ, ಬಾಗುವ ಗುಣವುಳ್ಳ ಪಟ್ಟಿ.

1994ರ ಡಿಸೆಂಬರಿನಲ್ಲಿ ಯೂರೋಪ್ ಒಕ್ಕೂಟ ಹೊರಡಿಸಿದ ನಿರ್ದೇಶನವೊಂದು, ತೆರೆದ ತೇಲುವ ಛಾವಣಿಗೆ ಇಂಥ ಎರಡು ಪಟ್ಟಿಗಳು ಇರಲೇಬೇಕೆಂದೂ, ಮಾಮೂಲಿ ಸ್ಥಿರ ಛಾವಣಿಯಿಂದ ಹೋಗುವ ಆವಿಯಲ್ಲಿ ನೂರಕ್ಕೆ 95 ಪಾಲನ್ನಾದರೂ ಅದು ತಡೆಯಬೇಕೆಂದೂ ವಿಧಿಸಿತು. ಟ್ಯಾಂಕುಗಳ ಹೊರಮೈ ಬಿಸಿಲಿನ ತಾಪದ ನೂರಕ್ಕೆ 70 ಪಾಲನ್ನು ಹಿಂದಕ್ಕೆ ಕಳಿಸುವ ಬಣ್ಣದ್ದಾಗಿರಬೇಕೆಂಬುದೂ ಅದೇ ನಿರ್ದೇಶನದ ಮಾತು. ಹೆದ್ದಾರಿಯಿಂದ ಕಾಣುವ ಬಿಳುಪಿನ ಗುಟ್ಟು ಇದು. ಅಮೆರಿಕದ ನಿಯಮ ಇನ್ನೂ ಕರಾರುವಾಕ್ಕು: ಮೇಲಿನ ಪಟ್ಟಿಗೂ ಗೋಡೆಗೂ ನಡುವಿನ ಬಿರುಕುಗಳ ಒಟ್ಟು ವಿಸ್ತಾರ ಟ್ಯಾಂಕಿನ ವ್ಯಾಸದ ಪ್ರತಿ ಮೀಟರಿಗೆ 21.2 ಚದರ ಸೆಂಟಿಮೀಟರನ್ನು ಮೀರಬಾರದು. ನಮ್ಮ ಟ್ಯಾಂಕಿಗೆ ಲೆಕ್ಕ ಹಾಕಿದರೆ, 126 ಮೀಟರ್ ಸುತ್ತಳತೆಯಲ್ಲಿ ಎಲ್ಲ ಬಿರುಕುಗಳನ್ನೂ ಕೂಡಿಸಿದಾಗ ಸಿಗಬೇಕಾದದ್ದು ತಾವು ದಿನವೂ ಬಳಸುವ ಎ4 ಕಾಗದದ ಒಂದೂವರೆ ಹಾಳೆಗಿಂತಲೂ ಕಡಮೆ. ಕಾನೂನೇ ಸೊನ್ನೆ ಎಂದು ಹೇಳಿಲ್ಲವೆಂಬುದನ್ನು ಗಮನಿಸಿರಿ. ಎಷ್ಟು ಎಂದು ಹೇಳಿದೆ.

ಈ ಬಿರುಕುಗಳನ್ನು ಅಳೆಯುವವನು ಮನುಷ್ಯ. ಕೆಲವು ವರ್ಷಗಳ ಹಿಂದೆ ನಮ್ಮ ಬಳಿಗೆ ತಪಾಸಣೆಗೆ ಬಂದಿದ್ದ ಗುತ್ತಿಗೆ ಕಾರ್ಮಿಕನೊಬ್ಬನ ಬಿಳಿಯ ಕಣಗಳ ಎಣಿಕೆ ಎರಡು ವರ್ಷದಲ್ಲಿ ಮೂರು ಬಾರಿ ಇಳಿದಿತ್ತು. ಛಾವಣಿಯ ಮೇಲಿಳಿದು ಪಟ್ಟಿಗಳನ್ನು ಪರೀಕ್ಷಿಸುವುದೂ ಹರಿದದ್ದನ್ನು ಬದಲಿಸುವುದೂ ಅವನ ಕೆಲಸ. ವಾಸನೆ ಬರುತ್ತದೆಯೇ ಎಂದು ಕೇಳಿದೆವು. ಮೊದಲ ವಾರ ಬರುತ್ತಿತ್ತು, ಈಗ ಬರುವುದಿಲ್ಲ ಎಂದ. ಅವನ ಪಾಲಿಗೆ ಅದು ಸಮಾಧಾನದ ಸಂಗತಿಯಾಗಿತ್ತು. ಟ್ಯಾಂಕು ಅರ್ಧ ಬರಿದಾದಾಗ ಛಾವಣಿಯು ಎತ್ತರದ ಗೋಡೆಗಳ ನಡುವಿನ ಬಾವಿಯ ತಳದಂತಾಗುತ್ತದೆ; ಪೆಟ್ರೋಲಿನ ಆವಿ ಗಾಳಿಗಿಂತ ಭಾರವಾದ್ದರಿಂದ ಅಲ್ಲಿಯೇ ಮಡುಗಟ್ಟಿ ನಿಲ್ಲುತ್ತದೆ. ಮೇಲೆ ಆಕಾಶ ಕಾಣುತ್ತದೆ ಎಂಬ ಕಾರಣಕ್ಕೆ ಅದನ್ನು ಬಯಲೆಂದು ಭಾವಿಸುವಂತಿಲ್ಲ. ಮುಚ್ಚಿದ ಕೋಣೆಗೆ ಇಳಿಯುವಾಗಿನ ಎಲ್ಲ ಎಚ್ಚರವೂ, ಉಸಿರಾಟದ ಉಪಕರಣವೂ ಅಲ್ಲಿ ಬೇಕು. ಆ ಕಾರ್ಮಿಕನನ್ನು ಬೇರೆ ಕೆಲಸಕ್ಕೆ ಹಾಕಿಸಿದ ಮೇಲೆ ಎಣಿಕೆ ನಿಧಾನವಾಗಿ ಚೇತರಿಸಿಕೊಂಡಿತು. ನಮ್ಮ ಔಷಧದ ಪಾತ್ರ ಅದರಲ್ಲಿ ಏನೂ ಇರಲಿಲ್ಲ.

ಅಂಚಿನ ಸಂದನ್ನು ಬಿಟ್ಟರೂ ಛಾವಣಿಯಲ್ಲಿ ರಂಧ್ರಗಳಿಗೆ ಕೊರತೆಯಿಲ್ಲ. ಅದು ಗಿರ್ರನೆ ತಿರುಗದಂತೆ ತಡೆಯಲು ಒಂದು ಕಂಬ ಛಾವಣಿಯನ್ನು ತೂರಿ ನಿಂತಿರುತ್ತದೆ. ದ್ರವದ ಮಾದರಿ ತೆಗೆಯಲು ಆ ಕೊಳವೆಯ ಉದ್ದಕ್ಕೂ ಸೀಳುಗಳಿರುತ್ತವೆ. ಯಾರೂ ಲಕ್ಷ್ಯವಿಡದ ಈ ಒಂದು ಕಂಬದಿಂದಲೇ ಭಾರಿ ಪ್ರಮಾಣದ ಆವಿ ಹೊರಹೋಗಬಲ್ಲದೆಂಬುದು ತಡವಾಗಿ ತಿಳಿದುಬಂತು. ಈಗ ಅದಕ್ಕೆ ತೋಳುಚೀಲದಂಥ ಕವಚ ಹಾಕುತ್ತಾರೆ. ಟ್ಯಾಂಕು ಪೂರ್ತಿ ಬರಿದಾದಾಗ ಛಾವಣಿ ಕಾಲುಗಳ ಮೇಲೆ ನಿಲ್ಲುತ್ತದೆ. ಆಗ ಅದರಡಿಯಲ್ಲಿ ಮತ್ತೆ ಖಾಲಿ ಜಾಗ, ಮತ್ತೆ ಆವಿ. ಆದ್ದರಿಂದ ಅಷ್ಟು ಕೆಳಗೆ ಇಳಿಸದಿರುವುದೇ ಒಳ್ಳೆಯ ನಿರ್ವಹಣೆ.

ಮಳೆಯ ಮಾತು ಇನ್ನೂ ಬಾಕಿಯಿದೆ. ತೆರೆದ ಟ್ಯಾಂಕಿನಲ್ಲಿ ತೇಲುವ ಛಾವಣಿಯ ಮೇಲೆ ಬಿದ್ದ ನೀರು ಎಲ್ಲಿಗೆ ಹೋಗಬೇಕು? ಸುತ್ತಲೂ ಗೋಡೆ, ಕೆಳಗೆ ಪೆಟ್ರೋಲು. ಛಾವಣಿಯ ನಡುವೆ ಒಂದು ತೂಬು ಮಾಡಿ, ಅದರಿಂದ ಮಡಚಿ ಬಿಚ್ಚುವ ಕೀಲಿನ ಕೊಳವೆಯನ್ನೋ ಬಾಗುವ ಕೊಳವೆಯನ್ನೋ ಪೆಟ್ರೋಲಿನ ಒಳಗಿನಿಂದಲೇ ಹಾಯಿಸಿ, ಗೋಡೆಯ ಬುಡದಲ್ಲಿ ಹೊರತೆಗೆಯುತ್ತಾರೆ. ಸೋರಬಾರದ ಛಾವಣಿಯ ನಟ್ಟನಡುವೆ ಬೇಕೆಂದೇ ಮಾಡಿದ ರಂಧ್ರ! ಆ ಕೊಳವೆಯ ಕೀಲು ಸಡಿಲವಾದರೆ ಮಳೆನೀರಿನ ಕಾಲುವೆಯಲ್ಲಿ ಪೆಟ್ರೋಲು ಹರಿಯುತ್ತದೆ; ಎಲೆ ಕಸ ಕಟ್ಟಿಕೊಂಡರೆ ನೀರು ಛಾವಣಿಯ ಮೇಲೆಯೇ ನಿಲ್ಲುತ್ತದೆ. ಕೊಳವೆ ಪೂರ್ತಿ ಕಟ್ಟಿಹೋದರೂ 24 ಗಂಟೆಯಲ್ಲಿ ಸುರಿಯುವ 250 ಮಿಲಿಮೀಟರ್ ಮಳೆಯನ್ನು ಹೊತ್ತು ತೇಲಬೇಕೆಂಬುದು ಒಂಟಿ ಪದರದ ಛಾವಣಿಗೆ ಮಾನಕದ ವಿಧಿ. ನಮ್ಮ ಟ್ಯಾಂಕಿನ ಮೇಲೆ ಅದು 314 ಟನ್ ನೀರು.

ಆಮ್ಸ್ಟರ್‌ಡ್ಯಾಮಿಗೆ ಈ ಅಂಕಿ ಬಹಳ ದೊಡ್ಡದು. ಇಲ್ಲಿ ವರ್ಷವೆಲ್ಲ ಜಿನುಗಿದರೂ ಮಳೆ ಸುಮಾರು 850 ಮಿಲಿಮೀಟರ್. ಮಂಗಳೂರಿನಲ್ಲಿ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಹೆಚ್ಚು, ಅದರ ಬಹುಪಾಲು ನಾಲ್ಕು ತಿಂಗಳಲ್ಲಿ. ಅಲ್ಲಿಯ ತೈಲ ಶುದ್ಧೀಕರಣಾಗಾರದಲ್ಲಿ ದುಡಿಯುವವರಿಗೆ ಛಾವಣಿಯ ತೂಬನ್ನು ಜೂನ್ ತಿಂಗಳ ಮೊದಲು ಪರೀಕ್ಷಿಸುವುದು, ನಮ್ಮ ಹಿರಿಯರು ಮುಂಗಾರಿಗೆ ಮೊದಲು ಹಂಚು ಕೈಯಾಡಿಸುತ್ತಿದ್ದಷ್ಟೇ ಅಗತ್ಯ. ಅಂಕಿಯನ್ನು ಮೀರಿದ ಮಳೆ ಬಂದರೆ ಏನಾಗುತ್ತದೆಂಬುದನ್ನು 2017ರ ಆಗಸ್ಟಿನಲ್ಲಿ ಅಮೆರಿಕದ ಹ್ಯೂಸ್ಟನ್ ನಗರ ಕಂಡಿತು. ಹಾರ್ವಿ ಚಂಡಮಾರುತದ ಮಳೆಗೆ ಆ ಪ್ರದೇಶದ ಹಲವು ತೇಲುವ ಛಾವಣಿಗಳು ವಾಲಿದವು, ಮುಳುಗಿದವು. ಒಂದು ಶುದ್ಧೀಕರಣಾಗಾರದ ನೆರೆಯ ಬಡಾವಣೆಯ ಗಾಳಿಯಲ್ಲಿ ಬೆಂಜೀನ್ ಏರಿತು. ಅಲ್ಲಿ ವಾಸಿಸುತ್ತಿದ್ದವರು ಹೆಚ್ಚಾಗಿ ಬಡ ಕುಟುಂಬಗಳು.

ಮಳೆಯ ಕಾಟವನ್ನೂ ಗಾಳಿಯ ಕಾಟವನ್ನೂ ಒಟ್ಟಿಗೆ ನೀಗುವ ಉಪಾಯವೆಂದರೆ ತೇಲುವ ಛಾವಣಿಯ ಮೇಲೆ ಇನ್ನೊಂದು ಛಾವಣಿ, ಭರಣಿಯ ಎಣ್ಣೆಯ ಮೇಲೆ ಕಟ್ಟಿದ ಬಟ್ಟೆಯಂತೆ. ತೆರೆದ ಟ್ಯಾಂಕಿನ ಬಾಯಿಯ ಮೇಲೆ ಗಾಳಿ ಬೀಸಿದಾಗ ಒಂದು ಬದಿಯಲ್ಲಿ ಒತ್ತಡ ಹೆಚ್ಚಿ ಇನ್ನೊಂದು ಬದಿಯಲ್ಲಿ ತಗ್ಗಿ, ಸಂದಿನ ಆವಿಯನ್ನು ಹೀರಿ ಒಯ್ಯುತ್ತದೆ. ಗಾಳಿಗಿರಣಿಗಳ ಈ ನಾಡಿನಲ್ಲಿ ಅದು ಸಣ್ಣ ಸಂಗತಿಯಲ್ಲ. ಮೇಲಿನ ಛಾವಣಿಯನ್ನು ಕಂಬಗಳ ಮೇಲೆ ನಿಲ್ಲಿಸಿದರೆ ಪ್ರತಿ ಕಂಬಕ್ಕೂ ತೇಲುವ ಛಾವಣಿಯಲ್ಲಿ ಒಂದೊಂದು ತೂತು ಕೊರೆಯಬೇಕಾಗುತ್ತದೆ. ಆದ್ದರಿಂದ ಕಂಬವಿಲ್ಲದ ಗುಮ್ಮಟ ಬೇಕು.

ಗುಮ್ಮಟವೆಂದರೆ ನಮಗೆ ಬಿಜಾಪುರ. 1656ರಲ್ಲಿ ಮುಗಿದ ಗೋಲಗುಮ್ಮಟದ ಒಳವ್ಯಾಸ ಸುಮಾರು 38 ಮೀಟರ್, ನಮ್ಮ ಲೆಕ್ಕದ ಟ್ಯಾಂಕಿಗೆ ಹತ್ತಿರ ಹತ್ತಿರ ಸಮ. ಅದರ ಗಚ್ಚಿನ ದಪ್ಪ ಬುಡದಲ್ಲಿ ಸುಮಾರು 3 ಮೀಟರ್. ಅಷ್ಟೇ ಅಗಲವನ್ನು ಇಂದು ಮುಚ್ಚುವ ಅಲ್ಯೂಮಿನಿಯಂ ಗುಮ್ಮಟದ ತಗಡಿನ ದಪ್ಪ 1.2 ಮಿಲಿಮೀಟರ್ ಇದ್ದರೂ ಸಾಕು. ತೊಲೆಗಳನ್ನು ತ್ರಿಕೋನಗಳಾಗಿ ಜೋಡಿಸಿ, ಅವುಗಳ ಮೇಲೆ ತಗಡು ಹಾಸಿ, ಅಂಚುಗಳನ್ನು ಮೇಲಿನಿಂದ ಪಟ್ಟಿಗಳಿಂದ ಅದುಮಿ, ನಡುವೆ ರಬ್ಬರಿನಂಥ ಸಿಲಿಕೋನನ್ನು ತುಂಬುತ್ತಾರೆ. ತ್ರಿಕೋನ ಒತ್ತಿದರೂ ಆಕಾರ ಕೆಡದ ಏಕೈಕ ಬಹುಭುಜ. ಬಲವೆಲ್ಲ ಅಲ್ಲಿಂದ ಬರುತ್ತದೆ. ಈ ಬಗೆಯ ಗುಮ್ಮಟವನ್ನು ಜನಪ್ರಿಯಗೊಳಿಸಿದವರು ಅಮೆರಿಕದ ಬಕ್‌ಮಿನ್‌ಸ್ಟರ್ ಫುಲ್ಲರ್. ಇಲ್ಲಿ ಬಹುಕಾಲದಿಂದ ನೆಲೆಸಿರುವವರಿಗೆ ಸ್ಕಿಪೋಲಿನಲ್ಲಿ 1971ರಿಂದ 2003ರ ವರೆಗೆ ಇದ್ದ ವಿಮಾನ ವಸ್ತುಸಂಗ್ರಹಾಲಯ ಏವಿಯೋಡೋಮ್ ನೆನಪಿರಬಹುದು. ಅದೂ ಇದೇ ಜಾತಿಯ ಅಲ್ಯೂಮಿನಿಯಂ ಗುಮ್ಮಟ.

ಅಲ್ಯೂಮಿನಿಯಂ ಗುಮ್ಮಟವನ್ನು ಉಕ್ಕಿನ ಟ್ಯಾಂಕಿನ ಮೇಲೆ ಕೂರಿಸುವುದು ಎರಡು ಮನೆತನಗಳ ಸಂಬಂಧ ಬೆಳೆಸಿದಂತೆ. ಸ್ವಭಾವ ಬೇರೆ ಬೇರೆ. 50 ಡಿಗ್ರಿ ಶಾಖ ಏರಿದರೆ 40 ಮೀಟರ್ ಅಲ್ಯೂಮಿನಿಯಂ ಸುಮಾರು 46 ಮಿಲಿಮೀಟರ್ ಹಿಗ್ಗುತ್ತದೆ, ಉಕ್ಕು 24 ಮಿಲಿಮೀಟರ್. ಬಿಗಿಯಾಗಿ ಬೋಲ್ಟು ಹಾಕಿದರೆ ಒಂದು ಮತ್ತೊಂದನ್ನು ಹರಿಯುತ್ತದೆ. ಆದ್ದರಿಂದ ಗುಮ್ಮಟದ ಪಾದಗಳನ್ನು ನುಣುಪಾದ ಟೆಫ್ಲಾನ್ ಮಣೆಯ ಮೇಲೆ ಜಾರಲು ಬಿಡುತ್ತಾರೆ. ಎರಡು ಲೋಹಗಳು ತೇವದಲ್ಲಿ ನೇರವಾಗಿ ತಾಗಿದರೆ ಅಲ್ಯೂಮಿನಿಯಂ ಸವೆಯುತ್ತದೆ. ನಡುವೆ ಬೇರ್ಪಡಿಸುವ ಪದರ ಇಡಬೇಕು. ಇನ್ನು ಗುಮ್ಮಟದ ಅಂಚನ್ನು ಗಾಳಿಯಾಡದಂತೆ ಮುಚ್ಚುವುದು ಸಾಮಾನ್ಯ ರೂಢಿಯಲ್ಲ ಎಂಬುದು ಕೇಳುವವರಿಗೆ ಅಚ್ಚರಿ ತರಬಹುದು. ಪೆಟ್ರೋಲಿನ ಆವಿ ಗಾಳಿಯಲ್ಲಿ ನೂರಕ್ಕೆ ಸುಮಾರು 1.4 ಪಾಲನ್ನು ಮುಟ್ಟಿದರೆ ಕಿಡಿ ತಗುಲಿ ಸಿಡಿಯಬಲ್ಲದು. ಬಿಗಿಪಟ್ಟಿಯನ್ನು ದಾಟಿ ಬಂದ ಅಲ್ಪ ಆವಿ ಗುಮ್ಮಟದಡಿ ಆ ಮಟ್ಟಕ್ಕೆ ಕೂಡಿಕೊಳ್ಳದಿರಲು ಸುತ್ತಲೂ ಗಾಳಿಕಿಂಡಿಗಳನ್ನು ಬಿಡುತ್ತಾರೆ. ಮೇಲಿನ ಛಾವಣಿ ನೀರಿಗೆ ಮುಚ್ಚಿದ್ದು, ಗಾಳಿಗೆ ತೆರೆದದ್ದು. ಕೆಳಗಿನದು ಆವಿಯನ್ನು ಹಿಡಿಯುವಂಥದು. ಒಂದರಿಂದಲೇ ಎರಡನ್ನೂ ಮಾಡಿಸಹೋದರೆ ಕೆಡುಕು.

ಸ್ಥಿರ ಉಕ್ಕಿನ ಛಾವಣಿಯಲ್ಲೂ ಇಂಥದೇ ಒಂದು ಉದ್ದೇಶಪೂರ್ವಕ ದೌರ್ಬಲ್ಯವಿದೆ. ಛಾವಣಿಯು ಗೋಡೆಯ ಮೇಲಂಚನ್ನು ಸೇರುವ ಬೆಸುಗೆ 5 ಮಿಲಿಮೀಟರನ್ನು ಮೀರಕೂಡದೆಂದು ಮಾನಕ ಹೇಳುತ್ತದೆ. ಒಳಗೆ ಸ್ಫೋಟವಾದರೆ ಆ ಬೆಸುಗೆ ಮೊದಲು ಹರಿದು ಛಾವಣಿ ಹಾರಿಹೋಗಲಿ, ಬುಡ ಕಿತ್ತು ಸಾವಿರಾರು ಟನ್ ಉರಿಯುವ ದ್ರವ ಹರಿಯದಿರಲಿ ಎಂಬುದು ಆಶಯ. ಉತ್ಸಾಹಿ ಬೆಸುಗೆಗಾರನೊಬ್ಬ ಗಟ್ಟಿಯಾಗಿರಲೆಂದು ಇನ್ನೊಂದು ಸುತ್ತು ಬೆಸೆದರೆ ಅವನು ಟ್ಯಾಂಕಿನ ಪ್ರಾಣಕ್ಕೇ ಎರವಾಗುತ್ತಾನೆ. ಛಾವಣಿ ಎಷ್ಟು ಚೆನ್ನಾಗಿದ್ದರೂ ಅಳತೆಯ ಉಪಕರಣ ಕೈಕೊಟ್ಟರೆ ಉಪಯೋಗವಿಲ್ಲ. 2005ರ ಡಿಸೆಂಬರ್ 11ರಂದು ಇಂಗ್ಲೆಂಡಿನ ಬನ್ಸ್‌ಫೀಲ್ಡ್ ಉಗ್ರಾಣದಲ್ಲಿ ಮಟ್ಟ ತೋರಿಸುವ ಮುಳ್ಳು ಅಂಟಿಕೊಂಡಿತು, ಹೆಚ್ಚಿನ ಮಟ್ಟದ ಎಚ್ಚರಿಕೆಯ ಸ್ವಿಚ್ಚೂ ಕೆಲಸ ಮಾಡಲಿಲ್ಲ. ಒಳಗೆ ತೇಲುವ ಛಾವಣಿಯಿದ್ದ ಟ್ಯಾಂಕು ತುಂಬಿ, ನೆತ್ತಿಯ ಗಾಳಿಕಿಂಡಿಗಳಿಂದಲೇ ಪೆಟ್ರೋಲು ಉಕ್ಕಿ ಹರಿಯಿತು. ಬೆಳಗಿನ 6 ಗಂಟೆ 1 ನಿಮಿಷಕ್ಕೆ ಆವಿಯ ಮೋಡ ಸಿಡಿಯಿತು. 43 ಜನ ಗಾಯಗೊಂಡರು. ಭಾನುವಾರವಾಗಿದ್ದರಿಂದ ಸಾವು ಸಂಭವಿಸಲಿಲ್ಲ.

ಲೋಹದ ಛಾವಣಿಯೇ ಬೇಡವೆನ್ನುವ ದಾರಿಯೂ ಒಂದುಂಟು, ಅದು ನಮ್ಮ ಊರಿನಲ್ಲೇ ಇದೆ. ಭಾರತವು ಆಪತ್ಕಾಲಕ್ಕೆಂದು ಕಚ್ಚಾ ತೈಲವನ್ನು ಮಂಗಳೂರಿನಲ್ಲಿಯೂ ಉಡುಪಿ ಜಿಲ್ಲೆಯ ಪಾದೂರಿನಲ್ಲಿಯೂ ನೆಲದಡಿಯ ಬಂಡೆಯ ಗುಹೆಗಳಲ್ಲಿ ತುಂಬಿಟ್ಟಿದೆ. ಮಂಗಳೂರಿನದು 15 ಲಕ್ಷ ಟನ್, ಪಾದೂರಿನದು 25 ಲಕ್ಷ ಟನ್ ಹಿಡಿಯುವಂಥವು. ಗುಹೆಯ ಒಳಮೈಗೆ ಉಕ್ಕಿನ ಹೊದಿಕೆಯಿಲ್ಲ. ಗುಹೆಯ ಮೇಲುಗಡೆ ಬಂಡೆಯಲ್ಲಿ ರಂಧ್ರಗಳನ್ನು ಕೊರೆದು ಅವುಗಳಲ್ಲಿ ಸದಾ ನೀರು ತುಂಬಿರುತ್ತಾರೆ. ಬಂಡೆಯ ಬಿರುಕುಗಳಲ್ಲಿ ನೀರಿನ ಒತ್ತಡ ತೈಲದ ಒತ್ತಡಕ್ಕಿಂತ ಹೆಚ್ಚಿರುವುದರಿಂದ ತೈಲ ಹೊರಗೆ ಬಾರದು. ನೀರೇ ಒಳಗೆ ಜಿನುಗುತ್ತದೆ, ಅದನ್ನು ಪಂಪಿನಿಂದ ಹೊರತೆಗೆಯುತ್ತಾರೆ. ಸೋರಿಕೆಯ ದಿಕ್ಕನ್ನೇ ತಿರುಗಿಸಿಬಿಟ್ಟ ಛಾವಣಿ ಇದು. ನಾವು ಕಂಡಂತೆ ಈ ಶಾಸ್ತ್ರದಲ್ಲೇ ಅತಿ ಜಾಣತನದ ಕಲ್ಪನೆ.

ಕೊನೆಗೆ ನಮ್ಮ ನಿಮ್ಮ ಮನೆಯ ಟ್ಯಾಂಕಿನ ಮಾತು. ಬರುವ ರಜೆಯಲ್ಲಿ ಅನೇಕರು ಊರಿಗೆ ಹೋಗುವವರಿದ್ದೀರಿ. ತಂದೆತಾಯಿಯರ ಮನೆಯಲ್ಲಿ ನೆಲದಡಿಯ ಸಂಪು, ತಾರಸಿಯ ಮೇಲಿನ ನೀರಿನ ಟ್ಯಾಂಕು ಎರಡೂ ಇರುತ್ತವೆ. ಅವೂ ನೀರು ತುಂಬುವಾಗ ಗಾಳಿಯನ್ನು ಹೊರಬಿಡಲೇಬೇಕು, ಖಾಲಿಯಾಗುವಾಗ ಒಳಗೆಳೆಯಲೇಬೇಕು. ಅದಕ್ಕಾಗಿಯೇ ಗಾಳಿಕೊಳವೆಯೂ ಹೆಚ್ಚಿನ ನೀರು ಹೋಗುವ ಕೊಳವೆಯೂ ಇರುವುದು. ಮುಚ್ಚಳ ಬಿಗಿಯಾಗಿದೆಯೆಂದು ಮನೆಯವರು ನಿಶ್ಚಿಂತರಾಗಿರುತ್ತಾರೆ, ಸೊಳ್ಳೆ ಕೊಳವೆಯ ಬಾಯಿಂದ ಒಳಹೋಗುತ್ತದೆ. ಮಂಗಳೂರಿನ ಮಲೇರಿಯವನ್ನು ಹರಡುವ ಅನಾಫಿಲಿಸ್ ಸ್ಟೀಫೆನ್ಸಿ ಇಂಥ ಟ್ಯಾಂಕುಗಳಲ್ಲಿಯೇ ಮೊಟ್ಟೆಯಿಡುವ ಸೊಳ್ಳೆ. ಡೆಂಗಿಯ ಈಡಿಸ್‌ಗೂ ಕದಡದ ಶುದ್ಧ ನೀರೇ ಇಷ್ಟ. ಕರ್ನಾಟಕ ಸರ್ಕಾರ 2024ರ ಸೆಪ್ಟೆಂಬರಿನಲ್ಲಿ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಅಧಿಸೂಚನೆ ಹೊರಡಿಸಬೇಕಾಯಿತು. ಕೊಳವೆಯ ಬಾಯಿಯನ್ನು ಅಡಕಿದರೆ ನೀರು ಸರಾಗವಾಗಿ ಬಾರದು, ಟ್ಯಾಂಕೂ ಒತ್ತಡಕ್ಕೆ ಸಿಕ್ಕುತ್ತದೆ. ಸೊಳ್ಳೆ ತೂರದಷ್ಟು ಸಣ್ಣ ಕಣ್ಣಿನ, ತುಕ್ಕು ಹಿಡಿಯದ ಉಕ್ಕಿನ ಜಾಲರಿಯನ್ನು ಎರಡೂ ಕೊಳವೆಗಳ ಬಾಯಿಗೆ ಕಟ್ಟಿಸಿರಿ. ನೈಲಾನ್ ಬಟ್ಟೆಯಾದರೆ ಎರಡು ಬೇಸಿಗೆಗೆ ಪುಡಿಯಾಗುತ್ತದೆ. ಸಂಪಿನ ಕಬ್ಬಿಣದ ಮುಚ್ಚಳದ ಸುತ್ತ ಒಂದು ರಬ್ಬರ್ ಪಟ್ಟಿ ಅಂಟಿಸಿ, ಅದು ಚೌಕಟ್ಟಿನ ಮೇಲೆ ನಾಲ್ಕು ಕಡೆಯೂ ಸಮನಾಗಿ ಕೂರುತ್ತದೆಯೇ ಎಂದು ಮೊಣಕಾಲೂರಿ ನೋಡಿರಿ. ಒಂದು ಮೂಲೆ ಎದ್ದಿರುವುದು ಬಹಳ ಸಾಮಾನ್ಯ.